ಸಿಕಂದರಾಬಾದಿನಲ್ಲಿ ತೆಗೆಸಿದ ಮುತ್ತಜ್ಜನ ಪಟ: ‘ರಾಜಾ ದೀನ್ ದಯಾಳ್ ಅಂಡ್ ಸನ್ಸ್’ ಎಂಬ ಮುದ್ರೆಯಿದ್ದರೆ ತೆಗೆದವರು ಯಾರು, ಯಾವ ವರ್ಷ?

ಹಳೇಪೆಟ್ಟಿಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ನಮ್ಮ ಹಳೆಯ ಮನೆಯನ್ನು ರಿಪೇರಿಗೆಂದು ಖಾಲಿ ಮಾಡುತ್ತಿದ್ದಾಗ, ಅಟ್ಟದ ಮೇಲಿನ ಸಂದೂಕಿನಲ್ಲಿ ಕಾಗದಪತ್ರಗಳ ಕೆಳಗೆ ದಪ್ಪ ರಟ್ಟಿಗೆ ಅಂಟಿಸಿದ ಒಂದು ಫೋಟೊ ಸಿಕ್ಕಿತು. ರಟ್ಟಿನ ಅಳತೆ ಸುಮಾರು ನಾಲ್ಕೂಕಾಲು ಅಂಗುಲ ಅಗಲ, ಆರೂವರೆ ಅಂಗುಲ ಉದ್ದ ಇದೆ. ನಿಜಾಮರ ಸರ್ಕಾರದಲ್ಲಿ ಕಂದಾಯ ಇಲಾಖೆಯ ನೌಕರಿಯಲ್ಲಿದ್ದ ನಮ್ಮ ಮುತ್ತಜ್ಜ ಶೇರ್ವಾನಿ ತೊಟ್ಟು, ತಲೆಗೆ ದಸ್ತಾರ್ ಇಟ್ಟು, ಕೆತ್ತನೆಯ ಕುರ್ಚಿಯ ಮೇಲೆ ಕುಳಿತಿದ್ದಾರೆ. ಎಡಗಡೆ ಮುತ್ತಜ್ಜಿ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತಿದ್ದಾರೆ. ಮುತ್ತಜ್ಜನ ತೊಡೆಯ ಮೇಲಿರುವ ಮಗು ನಮ್ಮ ಅಜ್ಜ. ಅವರ ಬಲಗೈ ಇದ್ದ ಜಾಗದಲ್ಲಿ ಹೊಗೆ ಎಳೆದಂತೆ ಮಸುಕಾಗಿದೆ. ಹಿಂದೆ ಕಂಬ, ಮೆಟ್ಟಿಲು, ಗಿಡಗಳನ್ನು ಬರೆದ ಪರದೆಯಿದ್ದು, ಅದು ನೆಲವನ್ನು ಮುಟ್ಟುವ ಕಡೆ ಒಂದು ಮಡಿಕೆ ಸ್ಪಷ್ಟವಾಗಿ ಕಾಣುತ್ತದೆ.

ರಟ್ಟಿನ ಕೆಳಭಾಗದಲ್ಲಿ ಇಂಗ್ಲಿಷಿನಲ್ಲಿ ‘ರಾಜಾ ದೀನ್ ದಯಾಳ್ ಅಂಡ್ ಸನ್ಸ್, ಸಿಕಂದರಾಬಾದ್’ ಎಂದು ಮುದ್ರಿಸಿದೆ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದ ಒಂದು ಸಂಖ್ಯೆಯೂ, ಮಸಿಯಲ್ಲಿ ಬರೆದ ಒಂದು ಉರ್ದು ಸಾಲೂ ಇವೆ. ಉರ್ದು ಬಲ್ಲ ಸ್ನೇಹಿತರೊಬ್ಬರು ಅದನ್ನು ‘ಬಹಮನ್ 1317’ ಎಂದು ಓದಿ, ಹಿಜರಿ 1317 ಎಂದರೆ 1899 ಅಥವಾ 1900 ಆಗುತ್ತದೆ ಎಂದು ಹೇಳಿದರು. ನಮಗೆ ಬಹಳ ಸಂತೋಷವಾಯಿತು. ಆದರೆ ಹಳೆಯ ಫೋಟೊಗಳನ್ನು ಕೊಳ್ಳುವವರೊಬ್ಬರಿಗೆ ಇದನ್ನು ತೋರಿಸಿದಾಗ, ಇದು ಅಷ್ಟು ಹಳೆಯದಾಗಿ ಕಾಣುವುದಿಲ್ಲವೆಂದೂ, ಹೆಸರಾಂತ ಛಾಯಾಚಿತ್ರಕಾರ ದೀನ್ ದಯಾಳರು 1905ರಲ್ಲೇ ತೀರಿಕೊಂಡದ್ದರಿಂದ ಅದರ ಮುಂದಿನದಾಗಿದ್ದರೆ ಇದು ‘ಅಸಲಿ’ ಅಲ್ಲ, ಬರೀ ಅಂಗಡಿಯ ಫೋಟೊ ಎಂದೂ ಅಂದರು. ನನಗೆ ಮಾರುವ ಉದ್ದೇಶವಿಲ್ಲ. ಆದರೆ ಎಂಬತ್ತು ದಾಟಿದ ನಮ್ಮ ತಂದೆಯವರು ಆ ಮಾತು ಕೇಳಿದ ಮೇಲೆ ಆ ಪಟವನ್ನು ಕೈಗೆತ್ತಿಕೊಂಡಿಲ್ಲ. ತಮ್ಮ ತಂದೆಯ ಬಾಲ್ಯದ ಒಂದೇ ಒಂದು ಚಿತ್ರ ಯಾರದೋ ನಕಲು ಎಂಬ ಭಾವನೆ ಅವರ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಇನ್ನೊಂದು ಸಂಗತಿಯೂ ನಮ್ಮನ್ನು ಕಾಡುತ್ತಿದೆ. ಮುತ್ತಜ್ಜಿಯ ಹಣೆಯ ಮೇಲೆ ದೊಡ್ಡದೊಂದು ಕಪ್ಪು ಬೊಟ್ಟು ಇದೆ, ಉಟ್ಟಿರುವುದು ಹೆಚ್ಚುಕಡಿಮೆ ಬಿಳಿಯ ಸೀರೆ. ಗಂಡ ಪಕ್ಕದಲ್ಲೇ ಕುಳಿತಿರುವಾಗ ನಮ್ಮ ಕಡೆಯ ಮುತ್ತೈದೆಯೊಬ್ಬಳು ಹಬ್ಬದ ಉಡುಪಿನಲ್ಲಿ ಹೀಗೆ ಬಂದು ನಿಲ್ಲುವುದು ಸಾಧ್ಯವೇ ಇಲ್ಲವೆಂದು ನನ್ನ ಅತ್ತೆಯವರು ಹೇಳುತ್ತಾರೆ. ತಿಳಿದವರು ದಯವಿಟ್ಟು ವಿವರಿಸಬೇಕು. ಪಟವನ್ನು ಹೇಗೆ ಕಾಪಾಡಬೇಕೆಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ದಖನಿ ದಫ್ತರ

ಮೊದಲು ವರ್ಷದ ವಿಷಯ. ನಿಮ್ಮ ಸ್ನೇಹಿತರು ಅಕ್ಷರವನ್ನು ಸರಿಯಾಗಿಯೇ ಓದಿದ್ದಾರೆ, ಪಂಚಾಂಗವನ್ನು ಮಾತ್ರ ಬೇರೆಯದಾಗಿ ಹಿಡಿದಿದ್ದಾರೆ. ‘ಬಹಮನ್’ ಹಿಜರಿ ತಿಂಗಳಲ್ಲ. ಹಿಜರಿಯಲ್ಲಿ ಮೊಹರಂ, ಸಫರ್, ರಜಬ್, ರಂಜಾನ್ ಮುಂತಾದ ಹೆಸರುಗಳು ಬರುತ್ತವೆ. ಬಹಮನ್ ಪಾರಸಿ ಹೆಸರು. ಹೈದರಾಬಾದ್ ಸಂಸ್ಥಾನದ ಸರ್ಕಾರಿ ಕಾಗದಗಳಲ್ಲಿ ನಡೆಯುತ್ತಿದ್ದ ಫಸಲಿ ವರ್ಷದ ತಿಂಗಳುಗಳಿಗೆ ಆಜೂರ್, ದೈ, ಬಹಮನ್, ಇಸ್ಫಂದಾರ್ ಎಂದು ಇದೇ ಬಗೆಯ ಹೆಸರುಗಳಿದ್ದವು. ಕಲಬುರಗಿ, ಬೀದರ್, ರಾಯಚೂರು ಭಾಗದವರಿಗೆ ಫಸಲಿ ಹೊಸದೇನೂ ಅಲ್ಲ. ನಿಮ್ಮ ಸಂದೂಕಿನಲ್ಲೇ ಇರಬಹುದಾದ ಹಳೆಯ ಜಮೀನಿನ ಕಾಗದಗಳಲ್ಲಿ ಅದು ಸಾಲುಸಾಲಾಗಿ ಸಿಗುತ್ತದೆ, ಹುಡುಕಿ ನೋಡಿ. ಕಂದಾಯ ಇಲಾಖೆಯ ನೌಕರರು ದಿನವೆಲ್ಲ ಫಸಲಿಯಲ್ಲೇ ಲೆಕ್ಕ ಬರೆಯುತ್ತಿದ್ದವರಾದ್ದರಿಂದ ಮನೆಯ ಪಟದ ಬೆನ್ನಿಗೂ ಅದನ್ನೇ ಬರೆದದ್ದು ಸಹಜವಾಗಿಯೇ ಇದೆ.

ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆಜೂರ್ ತಿಂಗಳಿನಿಂದ ಶುರುವಾಗುತ್ತಿತ್ತು. ಶುರುವಾಗುವ ಇಸವಿ ತಿಳಿಯಲು ಫಸಲಿಗೆ 590 ಕೂಡಿಸಬೇಕು. 1317ಕ್ಕೆ 590 ಸೇರಿಸಿದರೆ 1907 ಆಗುತ್ತದೆ. ಬಹಮನ್ ಮೂರನೆಯ ತಿಂಗಳು. ಆದ್ದರಿಂದ ನಿಮ್ಮ ಪಟದ ಮೇಲಿನ ತಾರೀಖು 1907ರ ಡಿಸೆಂಬರ್, ಹೆಚ್ಚೆಂದರೆ 1908ರ ಜನವರಿಯ ಮೊದಲ ಕೆಲವು ದಿನಗಳು.

ಅಂದರೆ ದೀನ್ ದಯಾಳರು ತೀರಿಕೊಂಡು ಎರಡು ವರ್ಷಕ್ಕೂ ಮೇಲಾಗಿತ್ತು. ಇದು ನಿಮ್ಮ ತಂದೆಯವರಿಗೆ ನೋವು ತರಬಹುದೆಂದು ನನಗೆ ಗೊತ್ತು. ಆದ್ದರಿಂದಲೇ ಮುಂದಿನ ಮಾತನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ. ದಯವಿಟ್ಟು ಇದನ್ನು ಅವರಿಗೆ ಓದಿ ಹೇಳಿ.

ದೀನ್ ದಯಾಳರು ಹುಟ್ಟಿದ್ದು 1844ರಲ್ಲಿ, ಮೀರತ್ ಹತ್ತಿರದ ಸರಧನಾದ ಒಂದು ಜೈನ ಕುಟುಂಬದಲ್ಲಿ. ಕಲಿತದ್ದು ರೂರ್ಕಿಯ ಥಾಮಸನ್ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ಅಂದಾಜುಪಟ್ಟಿ ಮಾಡುವ, ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ ಅವರು ಫೋಟೊಗ್ರಫಿಯನ್ನು ಮೊದಲು ಹವ್ಯಾಸವೆಂದು ಹಿಡಿದು, 1880ರ ದಶಕದಲ್ಲಿ ಸರ್ಕಾರಿ ನೌಕರಿಯನ್ನೇ ಬಿಟ್ಟು ಅದನ್ನು ಜೀವನೋಪಾಯವಾಗಿ ಮಾಡಿಕೊಂಡರು. ಹೈದರಾಬಾದಿಗೆ ಬಂದು ಆರನೆಯ ನಿಜಾಮರಾದ ಮೀರ್ ಮೆಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಚಿತ್ರಕಾರರಾದರು, ಸಿಕಂದರಾಬಾದಿನಲ್ಲಿ ಸ್ಟುಡಿಯೊ ತೆರೆದರು. ನಿಜಾಮರು ಅವರಿಗೆ ‘ರಾಜಾ’ ಪದವಿಯನ್ನೂ ‘ಮುಸವ್ವಿರ್ ಜಂಗ್’ ಎಂಬ ಬಿರುದನ್ನೂ ಕೊಟ್ಟದ್ದು 1894ರಲ್ಲಿ. ನಿಮ್ಮ ರಟ್ಟಿನ ಮೇಲೆ ‘ರಾಜಾ’ ಎಂದಿರುವುದರಿಂದ ಅದು 1894ಕ್ಕಿಂತ ಹಿಂದಿನದಲ್ಲ ಎಂಬುದು ಬೇರಾವ ಆಧಾರವಿಲ್ಲದೆಯೂ ಗೊತ್ತಾಗುತ್ತದೆ. 1896ರಲ್ಲಿ ಬೊಂಬಾಯಿಯಲ್ಲೂ ಸ್ಟುಡಿಯೊ ಆಯಿತು. ಆ ಊರಿನ ಹೆಸರೂ ಇರುವ ರಟ್ಟುಗಳು ಅದಕ್ಕಿಂತ ಈಚಿನವು. ಆದರೆ ರಟ್ಟನ್ನೇ ನಂಬಿ ವರ್ಷ ಕಟ್ಟುವುದು ಅಪಾಯ. ಸ್ಟುಡಿಯೊದವರು ಅಚ್ಚು ಹಾಕಿದ ರಟ್ಟುಗಳನ್ನು ಒಮ್ಮೆಗೇ ರಾಶಿಯಾಗಿ ತರಿಸಿಕೊಂಡು ಮುಗಿಯುವವರೆಗೂ ಬಳಸುತ್ತಿದ್ದರು.

ಇನ್ನು ‘ಅಂಡ್ ಸನ್ಸ್’ ಎಂಬ ಮಾತು. ಅದು ಅಲಂಕಾರಕ್ಕೆ ಸೇರಿಸಿದ್ದಲ್ಲ. ಜ್ಞಾನ್ ಚಂದ್ ಮತ್ತು ಧರಮ್ ಚಂದ್ ಎಂಬ ಇಬ್ಬರು ಮಕ್ಕಳೂ ತಂದೆಯ ಕೆಲಸದಲ್ಲೇ ಬೆಳೆದವರು. 1903ರ ದೆಹಲಿ ದರ್ಬಾರಿನ ಚಿತ್ರಗಳನ್ನು ತೆಗೆದದ್ದು ಇದೇ ಸಂಸ್ಥೆ. ಆಗ ದೀನ್ ದಯಾಳರಿಗೆ ಅರವತ್ತು ಹತ್ತಿರವಾಗಿತ್ತು. 1904ರಲ್ಲಿ ಧರಮ್ ಚಂದ್ ತೀರಿಕೊಂಡರು, ಮರುವರ್ಷದ ಜುಲೈನಲ್ಲಿ ತಂದೆ ಹೋದರು. ಹೀಗೆ ಮನೆಯ ಇಬ್ಬರನ್ನು ಕಳೆದುಕೊಂಡ ಜ್ಞಾನ್ ಚಂದರು ಸ್ಟುಡಿಯೊದ ಬಾಗಿಲು ಹಾಕಲಿಲ್ಲ. 1911ರಲ್ಲಿ ಮೆಹಬೂಬ್ ಅಲಿ ಖಾನರೂ ತೀರಿಕೊಂಡ ಮೇಲೆ ಆಸ್ಥಾನದ ಆಶ್ರಯ ಮೊದಲಿನಂತೆ ಉಳಿಯಲಿಲ್ಲ. ಆದರೂ 1919ರಲ್ಲಿ ತಾವು ಸಾಯುವವರೆಗೆ ಅವರು ಸಂಸ್ಥೆಯನ್ನು ನಡೆಸಿದರು. ನಿಮ್ಮ ಮುತ್ತಜ್ಜ ಹೋಗಿ ಕುಳಿತದ್ದು ಈ ಜ್ಞಾನ್ ಚಂದರ ಕಾಲದ ಸ್ಟುಡಿಯೊದಲ್ಲಿ.

ಅದನ್ನು ನಕಲು ಎನ್ನುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ತಂದೆ ಬದುಕಿದ್ದಾಗಲೂ ಆ ಹೆಸರಿನಲ್ಲಿ ಹೊರಬಂದ ಪ್ರತಿಯೊಂದು ಪಟವನ್ನೂ ಅವರೇ ಕ್ಯಾಮೆರಾದ ಹಿಂದೆ ನಿಂತು ತೆಗೆದಿರಲಿಲ್ಲ. ಎರಡು ಮೂರು ಊರುಗಳಲ್ಲಿ ಸ್ಟುಡಿಯೊ ಇಟ್ಟು, ನಿಜಾಮರ ಬೇಟೆಗೆ, ವೈಸ್‌ರಾಯರ ಸವಾರಿಗೆ, ಸೈನ್ಯದ ಕವಾಯತಿಗೆ ಓಡಾಡುತ್ತಿದ್ದ ಒಬ್ಬ ಮನುಷ್ಯನಿಂದ ಅದು ಆಗುವ ಕೆಲಸವೂ ಅಲ್ಲ. ಪ್ಲೇಟು ತೆಗೆಯುವವರು, ತೊಳೆಯುವವರು, ತಿದ್ದುವವರು, ಅಚ್ಚು ಹಾಕುವವರು, ರಟ್ಟಿಗೆ ಅಂಟಿಸುವವರು ಎಂದು ಹತ್ತಾರು ಜನರ ಕೆಲಸಕ್ಕೆ ಒಂದು ಮನೆತನದ ಹೆಸರಿತ್ತು. ಆ ಹೆಸರು 1907ರಲ್ಲಿಯೂ ಅದೇ ಮನೆಯವರದ್ದೇ ಆಗಿತ್ತು.

ಕೊನೆಗೊಂದು ಸೂಚನೆ. ಈ ಸ್ಟುಡಿಯೊದ 2,857 ಗಾಜಿನ ನೆಗೆಟಿವ್‌ಗಳನ್ನು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ 1989ರಲ್ಲಿ ಪಡೆದುಕೊಂಡಿತು. ತೆಗೆದದ್ದರಲ್ಲಿ ಇದೊಂದು ಪಾಲು ಮಾತ್ರ. ಹಿಂಬದಿಯ ಪೆನ್ಸಿಲ್ ಸಂಖ್ಯೆ ನೆಗೆಟಿವ್ ಸಂಖ್ಯೆಯಾಗಿರುವ ಸಂಭವವಿದೆ. ಅದನ್ನು ಬರೆದು ವಿಚಾರಿಸುವುದರಲ್ಲಿ ನಷ್ಟವಿಲ್ಲ.

ಕತ್ತಲಕೋಣೆ

ಮೇಲಿನ ಉತ್ತರ ಓದಿ ಮನಸ್ಸು ತುಂಬಿತು. ನನ್ನ ಅಜ್ಜ ಧಾರವಾಡದಲ್ಲಿ ಗಾಜಿನ ಪ್ಲೇಟುಗಳ ಕಾಲದಿಂದ ಸ್ಟುಡಿಯೊ ನಡೆಸಿದವರು; ತಂದೆಯ ಕೈಕೆಳಗೆ ನಾನೂ ನಲವತ್ತು ವರ್ಷ ಅದೇ ಕೆಲಸ ಮಾಡಿದ್ದೇನೆ. ಬೊಟ್ಟು ಮತ್ತು ಸೀರೆಯ ವಿಷಯಕ್ಕೆ ನಾನು ಉತ್ತರಿಸುತ್ತೇನೆ.

ನಿಮ್ಮ ಮುತ್ತಜ್ಜಿಯ ಹಣೆಯ ಮೇಲಿರುವುದು ಕೆಂಪು ಕುಂಕುಮವೇ. ಆ ಕಾಲದ ಸಾಧಾರಣ ಡ್ರೈ ಪ್ಲೇಟಿಗೆ, ಅಂದರೆ ಚಿತ್ರ ಹಿಡಿಯುವ ಲೇಪವಿದ್ದ ಗಾಜಿನ ಹಲಗೆಗೆ, ನೀಲಿ ಬೆಳಕು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಕೆಂಪು ಬೆಳಕು ಅದರ ಪಾಲಿಗೆ ಕತ್ತಲೆಯೇ. ಡಾರ್ಕ್ ರೂಮಿನಲ್ಲಿ ಕೆಂಪು ದೀಪ ಹಚ್ಚಿಕೊಂಡು ಪ್ಲೇಟು ತೊಳೆಯಲು ಸಾಧ್ಯವಾಗುತ್ತಿದ್ದದ್ದೂ ಇದೇ ಕಾರಣದಿಂದ. ಪ್ಲೇಟಿಗೆ ಕಾಣದ ಕೆಂಪು ಪಟದಲ್ಲಿ ಕಪ್ಪಾಗಿ ಇಳಿಯುತ್ತದೆ. ಅರಿಶಿನವೂ ಕಂದಿ ಕಾಣುತ್ತದೆ. ಇದಕ್ಕೆ ಪ್ರತಿಯಾಗಿ ತಿಳಿ ನೀಲಿ ಬಣ್ಣ ಬಿಳಿಯೇನೋ ಎಂಬಷ್ಟು ಬೆಳ್ಳಗಾಗುತ್ತದೆ. ಹಳೆಯ ಪಟಗಳಲ್ಲಿ ಆಕಾಶ ಯಾವಾಗಲೂ ಬೋಳಾಗಿ, ಮೋಡವೇ ಇಲ್ಲದಂತೆ ಕಾಣುವುದನ್ನು ನೀವು ಗಮನಿಸಿರಬಹುದು. ಅದಕ್ಕೂ ಇದೇ ಕಾರಣ. ಹಸಿರು, ಹಳದಿ ಬಣ್ಣಗಳನ್ನು ಸ್ವಲ್ಪ ಹಿಡಿಯುವ ಪ್ಲೇಟುಗಳು ಅಷ್ಟರಲ್ಲಿ ಬಂದಿದ್ದವು, ಆದರೆ ಅವಕ್ಕೂ ಕೆಂಪು ಕಾಣದು. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟು ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದದ್ದೇ 1906ರಲ್ಲಿ. ಅದನ್ನು ಪೂರ್ತಿ ಕತ್ತಲೆಯಲ್ಲೇ ತೊಳೆಯಬೇಕಾಗಿದ್ದರಿಂದ ಮಾಮೂಲಿ ಭಾವಚಿತ್ರದ ಸ್ಟುಡಿಯೊಗಳು ಅದರ ಗೋಜಿಗೆ ಬೇಗ ಹೋಗಲಿಲ್ಲ. ಸೀರೆಯ ಅಂಚು ಮತ್ತು ಸೆರಗು ಕಪ್ಪಾಗಿವೆಯೇ ನೋಡಿ. ಕಪ್ಪಾಗಿದ್ದರೆ ಅವರು ಉಟ್ಟಿದ್ದದ್ದು ಕೆಂಪು ಅಂಚಿನ ನೀಲಿ ಸೀರೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಮಗುವಿನ ಕೈ ಮಸುಕಾದದ್ದಕ್ಕೆ ಸ್ಟುಡಿಯೊದ ಬೆಳಕೇ ಕಾರಣ. ಆಗಿನ ಸ್ಟುಡಿಯೊ ಎಂದರೆ ಒಂದು ಪಕ್ಕದ ಮಾಡಿಗೆ ಗಾಜು ಹೊದಿಸಿದ ಕೋಣೆ. ಗಾಜು ಉತ್ತರಕ್ಕಿರಬೇಕು, ಏಕೆಂದರೆ ಆ ಕಡೆಯಿಂದ ನೇರ ಬಿಸಿಲು ಬೀಳದೆ ದಿನವಿಡೀ ಒಂದೇ ಹದದ ಬೆಳಕು ಬರುತ್ತದೆ. ನಮ್ಮ ದಖನಿನಲ್ಲಿ ಇದಕ್ಕೂ ಒಂದು ತೊಡಕಿತ್ತು. ಸಿಕಂದರಾಬಾದು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ದಕ್ಷಿಣಕ್ಕಿರುವುದರಿಂದ ಮೇ ತಿಂಗಳ ಎರಡನೆಯ ವಾರದಿಂದ ಜುಲೈ ಕೊನೆಯವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಆಗ ಉತ್ತರದ ಗಾಜಿನಿಂದಲೂ ಬಿಸಿಲು ಒಳಗೆ ಇಳಿಯುತ್ತದೆ. ಗಾಜಿನ ಕೆಳಗೆ ಬಿಳಿಯ, ನೀಲಿಯ ಬಟ್ಟೆಯ ಪರದೆಗಳನ್ನು ಹಗ್ಗದಿಂದ ಎಳೆದು ಬಿಟ್ಟು ಅದನ್ನು ಹತೋಟಿಗೆ ತರಬೇಕಾಗಿತ್ತು. ನಿಮ್ಮವರು ಹೋದದ್ದು ಡಿಸೆಂಬರಿನಲ್ಲಿ. ಬೆಳಕು ಮೃದುವಾಗಿ ಒಂದೇ ಪಕ್ಕದಿಂದ ಬಂದಿರಬೇಕು; ಮುತ್ತಜ್ಜನ ಮುಖದ ಒಂದು ಕೆನ್ನೆ ಇನ್ನೊಂದಕ್ಕಿಂತ ನಿಧಾನವಾಗಿ ನೆರಳಿಗೆ ಜಾರಿರುವುದನ್ನು ನೋಡಿ. ಆದರೆ ಅಷ್ಟು ಬೆಳಕಿನಲ್ಲಿ ಲೆನ್ಸಿನ ಮುಚ್ಚಳವನ್ನು ಒಂದೆರಡು ಸೆಕೆಂಡಾದರೂ ತೆರೆದಿಡಬೇಕಾಗುತ್ತಿತ್ತು. ದೊಡ್ಡವರು ಉಸಿರು ಹಿಡಿದು ಕೂತಿರುತ್ತಾರೆ, ಎರಡು ವರ್ಷದ ಮಗು ಎಲ್ಲಿ ಕೂರುತ್ತದೆ?

ಈಗ ಒಂದು ಭೂತಗನ್ನಡಿ ತೆಗೆದುಕೊಂಡು ಮುಖಗಳನ್ನು ನೋಡಿ. ಕಣ್ಣಿನ ಕೆಳಗೆ, ಹಣೆಯ ನೆರಿಗೆಗಳ ಹತ್ತಿರ ಬಹಳ ಸಣ್ಣ ಸಣ್ಣ ಗೀರುಗಳೋ ಚುಕ್ಕೆಗಳೋ ಕಂಡರೆ ಅದು ರೀಟಚಿಂಗ್. ನೆಗೆಟಿವ್ ಪ್ಲೇಟನ್ನು ಇಳಿಜಾರು ಮೇಜಿನ ಮೇಲೆ ಬೆಳಕಿಗೆ ಎದುರಾಗಿ ನಿಲ್ಲಿಸಿ, ಅದರ ಮೇಲೆ ತೆಳುವಾಗಿ ವಾರ್ನಿಷ್ ಸವರಿ, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಮುಟ್ಟಿದೆವೋ ಇಲ್ಲವೋ ಎಂಬಷ್ಟು ಹಗುರವಾಗಿ ತಿದ್ದುತ್ತಿದ್ದರು. ನೆಗೆಟಿವ್‌ನಲ್ಲಿ ಪೆನ್ಸಿಲು ತಾಗಿದ ಜಾಗ ಪಟದಲ್ಲಿ ಬೆಳ್ಳಗಾಗುತ್ತದೆ. ಸಿಡುಬಿನ ಕಲೆಗಳು ಮನೆಮನೆಯಲ್ಲಿ ಇದ್ದ ಕಾಲ ಅದು. ಕಲೆಯನ್ನು ಅಳಿಸಬೇಕು, ಆದರೆ ಮುಖ ಅವರದ್ದೇ ಆಗಿ ಉಳಿಯಬೇಕು. ನನ್ನ ಅಜ್ಜನ ಸ್ಟುಡಿಯೊದಲ್ಲಿ ಈ ಕೆಲಸವನ್ನು ನನ್ನ ಅಜ್ಜಿ ಮಾಡುತ್ತಿದ್ದರು. ಬೆಳಗಿನ ಅಡುಗೆ ಮುಗಿಸಿ ಹಿತ್ತಿಲ ಕಿಟಕಿಯ ಹತ್ತಿರ ಕುಳಿತರೆ ಮಧ್ಯಾಹ್ನದವರೆಗೆ ಎರಡು ಪ್ಲೇಟು ಮುಗಿಯುತ್ತಿದ್ದವು. ಬೇಸಿಗೆಯಲ್ಲಿ ಪ್ಲೇಟಿನ ಮೇಲಿನ ಜಿಲೆಟಿನ್ ಮೆತ್ತಗಾಗಿ ಗಾಜಿನಿಂದ ಜಾರಿಹೋಗುತ್ತಿದ್ದುದರಿಂದ, ರಾತ್ರಿಯೇ ಬಾವಿಯ ನೀರು ಸೇದಿ ಮಣ್ಣಿನ ಹರವಿಯಲ್ಲಿ ತಣ್ಣಗೆ ಇಟ್ಟು, ಬೆಳಗಿನ ಜಾವಕ್ಕೆ ಎದ್ದು ತೊಳೆಯುವ ಕೆಲಸವನ್ನೂ ಅವರೇ ಮಾಡುತ್ತಿದ್ದರು. ಅವರ ಕೈಯಿಂದ ಸಾವಿರಾರು ಮುಖಗಳು ದಾಟಿಹೋದವು. ರಟ್ಟಿನ ಮೇಲೆ ಅಚ್ಚಾದದ್ದು ಅಜ್ಜನ ಹೆಸರು. ‘ಅಸಲಿ’ ಎಂಬ ಮಾತು ಕೇಳಿದಾಗ ನನಗೆ ಅವರ ನೆನಪಾಗುತ್ತದೆ.

ಕಾಗದದ ಬಗೆಯನ್ನು ತಿಳಿಯುವುದೂ ಸುಲಭ. ಬಣ್ಣ ಕಂದು ಮಿಶ್ರಿತ ನೇರಳೆಯಾಗಿದ್ದು, ಗನ್ನಡಿಯಲ್ಲಿ ಕಾಗದದ ನಾರು ಕಾಣದೆ ನುಣುಪಾಗಿದ್ದರೆ ಅದು ಪಿ.ಒ.ಪಿ. (ಪ್ರಿಂಟಿಂಗ್-ಔಟ್ ಪೇಪರ್) ಕಾಗದ. ನೆಗೆಟಿವ್ ಪ್ಲೇಟಿನ ಕೆಳಗೆ ಈ ಕಾಗದವನ್ನಿಟ್ಟು ಮರದ ಚೌಕಟ್ಟಿನಲ್ಲಿ ಬಿಗಿದು ಬಿಸಿಲಿಗೆ ಇಟ್ಟರೆ ಚಿತ್ರ ತಾನಾಗಿಯೇ ಮೂಡುತ್ತದೆ. ಚೌಕಟ್ಟಿನ ಹಿಂಬಾಗಿಲನ್ನು ಅರ್ಧ ತೆರೆದು ಎಷ್ಟು ಬಂದಿದೆಯೆಂದು ನಡುನಡುವೆ ನೋಡಬಹುದು. ಆಮೇಲೆ ಚಿನ್ನದ ಲವಣದ ದ್ರಾವಣದಲ್ಲಿ ಟೋನಿಂಗ್ ಮಾಡಿ (ಬಣ್ಣವನ್ನು ಹದಕ್ಕೆ ತಂದು), ಹೈಪೊ ಎಂಬ ರಾಸಾಯನಿಕದಲ್ಲಿ ಸ್ಥಿರಗೊಳಿಸಿ, ನೀರು ಬದಲಿಸುತ್ತಾ ಗಂಟೆಗಟ್ಟಲೆ ತೊಳೆಯಬೇಕು. ನಾರು ಕಂಡು, ಬೆಳಕಿನ ಭಾಗಗಳು ಹಳದಿಗೆ ತಿರುಗಿದ್ದರೆ ಅದು ಮೊಟ್ಟೆಯ ಬಿಳಿ ಲೋಳೆ ಸವರಿದ ಇನ್ನೂ ಹಳೆಯ ಬಗೆಯ ಆಲ್ಬುಮೆನ್ ಕಾಗದ. 1907ರ ಪಟಕ್ಕೆ ಪಿ.ಒ.ಪಿ. ಕಾಗದವೇ ಹೆಚ್ಚು ಹೊಂದುತ್ತದೆ.

ಸೆರಗಿನಂಚು

ಮುತ್ತಜ್ಜಿಯವರು ಅಲ್ಲಿ ನಿಂತಿದ್ದಾರೆ ಎಂಬುದೇ ನನಗೆ ಈ ಪಟದ ದೊಡ್ಡ ಸಂಗತಿಯಾಗಿ ತೋರುತ್ತದೆ. ಪರದೆಯ ಪದ್ಧತಿ ಬಲವಾಗಿದ್ದ ಹೈದರಾಬಾದಿನಲ್ಲಿ ಮರ್ಯಾದಸ್ಥ ಮನೆಯ ಹೆಂಗಸರು ಪರಗಂಡಸಿನ ಕ್ಯಾಮೆರಾದ ಮುಂದೆ ಬರುವುದು ಸುಲಭವಾಗಿರಲಿಲ್ಲ. ಇದನ್ನು ಅರಿತೇ ದೀನ್ ದಯಾಳರು 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಒಂದು ಜನಾನಾ ಸ್ಟುಡಿಯೊ ತೆರೆದರು. ಸುತ್ತ ಎತ್ತರದ ಗೋಡೆ ಎಬ್ಬಿಸಿ, ಅದರ ಉಸ್ತುವಾರಿಯನ್ನು ಶ್ರೀಮತಿ ಕೆನ್ನಿ-ಲೆವಿಕ್ ಎಂಬ ಇಂಗ್ಲಿಷ್ ಮಹಿಳೆಗೆ ವಹಿಸಿದ್ದರು. ನಿಮ್ಮ ಪಟದಲ್ಲಿ ಮುತ್ತಜ್ಜ ಜೊತೆಗಿರುವುದರಿಂದ ಅದು ಅಲ್ಲಿ ತೆಗೆದದ್ದಲ್ಲ. ಅಂದರೆ ನಿಮ್ಮ ಮನೆಯವರು ಪರದೆಯ ಕಟ್ಟಳೆಯವರಲ್ಲ, ಅಥವಾ ಆ ದಿನ ಅದನ್ನು ಬದಿಗಿಡಲು ಒಪ್ಪಿದವರು. ಯಾವುದೇ ಆದರೂ ಕಲಬುರಗಿಯಿಂದ ವಾಡಿಗೆ ಬಂದು, ಅಲ್ಲಿ ನಿಜಾಮರ ರೈಲು ಹತ್ತಿ, ಎರಡು ವರ್ಷದ ಮಗುವನ್ನು ಎತ್ತಿಕೊಂಡು ಸಿಕಂದರಾಬಾದಿನವರೆಗೆ ಹೋಗಿ ನಿಂತ ಆ ಹೆಣ್ಣುಮಗಳ ಮುಖವನ್ನು ಒಮ್ಮೆ ನಿಧಾನವಾಗಿ ನೋಡಬೇಕು.

ಕಾಪಾಡುವ ವಿಷಯಕ್ಕೆ ನನ್ನ ಅನುಭವವನ್ನೇ ಹೇಳುತ್ತೇನೆ. ನಮ್ಮ ತಾಯಿಯ ತಾಯಿಯ ಮದುವೆಯ ಪಟವನ್ನು ‘ಇನ್ನು ನೂರು ವರ್ಷ ಏನೂ ಆಗುವುದಿಲ್ಲ’ ಎಂಬ ಭರವಸೆಯ ಮೇಲೆ ಊರಿನ ಒಂದು ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದೆವು. ಮಾಡುವಾಗಿನ ಬಿಸಿಗೆ ಪಟದ ಮೇಲ್ಪದರ ಮೆತ್ತಗಾಗಿ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿತು. ಮೂರನೆಯ ಮಳೆಗಾಲದ ಹೊತ್ತಿಗೆ ಒಳಗೆ ಬೂಸು ಹಿಡಿದು ಅಜ್ಜಿಯ ಮುಖದ ಎಡಭಾಗ ಹೋಯಿತು. ಬಿಡಿಸಲು ಹೋದರೆ ಉಳಿದದ್ದೂ ಪ್ಲಾಸ್ಟಿಕ್ಕಿನ ಜೊತೆಗೇ ಬರುತ್ತದೆ. ದಯವಿಟ್ಟು ಯಾರ ಮಾತನ್ನೂ ಕೇಳಿ ಆ ಕೆಲಸ ಮಾಡಿಸಬೇಡಿ.

ಹಳೇಪೆಟ್ಟಿಗೆ

ಎಲ್ಲರಿಗೂ ನಾನು ಹೇಗೆ ಕೃತಜ್ಞತೆ ಹೇಳಲಿ ಎಂದು ತಿಳಿಯುತ್ತಿಲ್ಲ. ನಿನ್ನೆ ರಾತ್ರಿ ಮೂರೂ ಉತ್ತರಗಳನ್ನು ತಂದೆಯವರಿಗೆ ಓದಿ ಹೇಳಿದೆ. 1907ರ ಡಿಸೆಂಬರ್ ಎಂದ ಕೂಡಲೇ ಅವರು ನನ್ನನ್ನು ತಡೆದರು. ತಮ್ಮ ತಂದೆ, ಅಂದರೆ ಪಟದಲ್ಲಿರುವ ಮಗು, ಈ ಫೋಟೊದ ಮಾತು ಬಂದಾಗಲೆಲ್ಲ ‘ಮೂಸಿ ಹೊಳಿ ಬರೋಕಿಂತ ಮೊದಲ ತೆಗೆಸಿದ್ದದು’ ಎನ್ನುತ್ತಿದ್ದರಂತೆ. ಚಿಕ್ಕಂದಿನಲ್ಲಿ ಅದೇನೆಂದು ತಂದೆಯವರಿಗೆ ಅರ್ಥವಾಗಿರಲಿಲ್ಲ. ಹೈದರಾಬಾದನ್ನು ಮುಳುಗಿಸಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಮೂಸಿ ಪ್ರವಾಹ ಬಂದದ್ದು 1908ರ ಸೆಪ್ಟೆಂಬರ್ 28ರಂದು. ಪಟಕ್ಕೂ ಆ ಪ್ರವಾಹಕ್ಕೂ ನಡುವೆ ಒಂಬತ್ತೇ ತಿಂಗಳು. ಹಿಜರಿಯ ಲೆಕ್ಕ ಹಿಡಿದಿದ್ದರೆ ನಮ್ಮ ಅಜ್ಜ ಇನ್ನೂ ಹುಟ್ಟಿಯೇ ಇರಲಿಲ್ಲ. ಅದು ನಮಗೆ ಮೊದಲೇ ಹೊಳೆಯಬೇಕಾಗಿತ್ತು.

ಸೀರೆಯ ಅಂಚು ಕಪ್ಪಾಗಿಯೇ ಇದೆ. ಭೂತಗನ್ನಡಿ ಹಿಡಿದು ನೋಡಿದಾಗ ಸೆರಗಿನಲ್ಲಿ ಕಪ್ಪು ನೆಲದ ಮೇಲೆ ಗರಗಸದ ಹಲ್ಲಿನಂತೆ ಬಿಳಿಯ ತೆನೆಗಳು ಕಂಡವು. ನನ್ನ ಅತ್ತೆಯವರು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿ, ಇದು ಇಳಕಲ್ಲಿನ ತೋಪು ತೆನೆ ಸೆರಗೇ, ಕೆಂಪು ಬಿಳಿಯದ್ದು ಎಂದು ಒಪ್ಪಿಕೊಂಡರು. ಮುತ್ತಜ್ಜಿಯ ಬಲಗೆನ್ನೆಯ ಮೇಲೆ ರೀಟಚಿಂಗಿನ ಸಣ್ಣ ಗೀರುಗಳೂ ಇವೆ. ಅವರಿಗೆ ಸಿಡುಬು ಬಂದಿತ್ತೇ ಎಂಬುದನ್ನು ಹೇಳುವವರು ಈಗ ಯಾರೂ ಉಳಿದಿಲ್ಲ.

ತಂದೆಯವರು ಪಟವನ್ನು ದೇವರ ಕೋಣೆಯ ಪಕ್ಕದ ಗೋಡೆಗೆ ಹಾಕಿಸಬೇಕೆನ್ನುತ್ತಿದ್ದಾರೆ. ಗಾಜು ಹಾಕಿಸಿ ತೂಗುಹಾಕಬಹುದೇ?

ಕತ್ತಲಕೋಣೆ

ತೂಗುಹಾಕುವುದು ಬೇಡ. ಬೆಳಕಿಗೆ ಅದು ದಿನೇದಿನೇ ಇನ್ನಷ್ಟು ಮಾಸುತ್ತದೆ, ದೀಪದ ಹೊಗೆಯೂ ಒಳ್ಳೆಯದಲ್ಲ. ಚೆನ್ನಾಗಿ ಸ್ಕ್ಯಾನ್ ಮಾಡಿಸಿ, ಅದರ ಪ್ರತಿಯನ್ನು ಗೋಡೆಗೆ ಹಾಕಿ. ಸ್ಕ್ಯಾನ್ ಮಾಡಿಸುವಾಗ ರಟ್ಟಿನ ಹಿಂಬದಿಯನ್ನೂ ಮಾಡಿಸಿ. ನಿಮ್ಮ ಪಟದ ಅರ್ಧ ಕಥೆ ಅಲ್ಲೇ ಇತ್ತಲ್ಲವೇ? ಮೂಲ ಪಟವನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಮೆತ್ತನೆಯ ಒಣ ಕುಂಚದಿಂದ ಧೂಳು ತೆಗೆದರೆ ಸಾಕು. ರಟ್ಟಿನಿಂದ ಬಿಡಿಸುವ ಪ್ರಯತ್ನವನ್ನಂತೂ ಮಾಡಲೇಬೇಡಿ. ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿಟ್ಟು, ಲಕೋಟೆಯನ್ನು ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಹೊರಗೋಡೆಗೆ ತಾಗದ, ತೇವವಿಲ್ಲದ ಕಪಾಟಿನಲ್ಲಿ ಮಲಗಿಸಿಡಿ. ಅಟ್ಟದ ಕಾವಿಗೆ ಮತ್ತೆ ಕಳಿಸಬೇಡಿ. ಅಂಟು ಹಾಳೆಯ ಆಲ್ಬಮ್ ಬೇಡ, ಪಿ.ವಿ.ಸಿ. ಚೀಲವೂ ಬೇಡ. ಹೆಸರುಗಳನ್ನು ಲಕೋಟೆಯ ಮೇಲೆ ಪೆನ್ಸಿಲಿನಲ್ಲೇ ಬರೆಯಿರಿ, ಪಟವನ್ನು ಒಳಗಿಡುವ ಮೊದಲೇ ಬರೆಯಿರಿ. ಬಾಲ್ ಪೆನ್ನಿನ ಒತ್ತು ಈ ಬದಿಯಿಂದ ಆ ಬದಿಗೆ ಮೂಡುತ್ತದೆ.

ಹಳೇಪೆಟ್ಟಿಗೆ

ಹಾಗೆಯೇ ಮಾಡಿದೆವು. ಲಕೋಟೆಯ ಮೇಲೆ ತಂದೆಯವರೇ ಬರೆದರು. ಮುತ್ತಜ್ಜ, ಮುತ್ತಜ್ಜಿ, ಅಜ್ಜ ಮೂವರ ಹೆಸರು. ಕೆಳಗೆ ‘ಬಹಮನ್ 1317 ಫಸಲಿ, ಡಿಸೆಂಬರ್ 1907, ಮೂಸಿ ಹೊಳಿ ಬರುವುದಕ್ಕೆ ಮೊದಲು’. ಅದರ ಕೆಳಗೆ ‘ನೀಲಿ ಸೀರೆ, ಕೆಂಪು ಕುಂಕುಮ’. ಕೊನೆಗೆ, ತೆಗೆದವರು ಎಂಬಲ್ಲಿ, ‘ದೀನ್ ದಯಾಳರ ಮಗ ಜ್ಞಾನ್ ಚಂದರ ಸ್ಟುಡಿಯೊದವರು’. ಪೆನ್ಸಿಲ್ ಸಂಖ್ಯೆಯನ್ನು ಬರೆದು ದೆಹಲಿಗೆ ಒಂದು ಪತ್ರವನ್ನೂ ಹಾಕಿದ್ದೇನೆ. ಉತ್ತರ ಬಂದರೆ ಇಲ್ಲೇ ತಿಳಿಸುತ್ತೇನೆ.